ದಾವೆಗಳ ಊರ್ಧ್ವಗಮನ

ದೊಡ್ಡ ವ್ಯಾಜ್ಯವನ್ನು ಸಣ್ಣ ನ್ಯಾಯಾಲಯವು ವಿಚಾರಿಸಲಾಗದೆಂಬ ಭಾವನೆಯೊಂದು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ವಕೀಲವರ್ಗವೂ ಅದರಿಂದ ಮುಕ್ತವಾಗಿಲ್ಲ. ಆಸ್ತಿಯ ಬೆಲೆ ಹೆಚ್ಚಿದಂತೆಲ್ಲ, ಕಕ್ಷಿಗಾರರ ಪ್ರತಿಷ್ಠೆ ಬೆಳೆದಂತೆಲ್ಲ, ವಿವಾದದ ವಾರ್ತೆ ಪತ್ರಿಕೆಗಳ ಒಳಪುಟದಿಂದ ಮುಖಪುಟಕ್ಕೆ ಬಂದಂತೆಲ್ಲ, ಆ ದಾವೆಯೂ ತಾಲ್ಲೂಕಿನ ನ್ಯಾಯಾಲಯವನ್ನು ಬಿಟ್ಟು ಜಿಲ್ಲಾ ನ್ಯಾಯಾಲಯಕ್ಕೂ, ಅಲ್ಲಿಂದ ಸಾಧ್ಯವಾದರೆ ಹೈಕೋರ್ಟಿಗೂ ಏರಿಹೋಗುವುದೇ ಯುಕ್ತವೆಂದು ಅನೇಕರು ಎಣಿಸುತ್ತಾರೆ. ಶಾಸನದ ಅಭಿಪ್ರಾಯ ಹೀಗಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 15ನೆಯ ಕಲಮು, ಯಾವ ದಾವೆಯನ್ನೇ ಆಗಲಿ, ಅದನ್ನು ವಿಚಾರಿಸಲು ಸಮರ್ಥವಾದ ನ್ಯಾಯಾಲಯಗಳ ಪೈಕಿ ಅತ್ಯಂತ ಕೆಳಗಿನ ದರ್ಜೆಯ ನ್ಯಾಯಾಲಯದಲ್ಲಿಯೇ ಹೂಡತಕ್ಕದ್ದೆಂದು ಸ್ಪಷ್ಟವಾಗಿ ವಿಧಿಸುತ್ತದೆ.

ಈ ವಿಧಿಯ ಉದ್ದೇಶ, ಮೇಲಿನ ನ್ಯಾಯಾಲಯಗಳು ಅಲ್ಪಸ್ವಲ್ಪದ ವ್ಯಾಜ್ಯಗಳಿಂದ ತುಂಬಿಹೋಗಬಾರದೆಂಬುದೆಂದು ಗ್ರಂಥಕಾರರು ಹೇಳುವರು. ಅದು ನಿಜವೇ. ಆದರೆ ಅದರೊಡನೆ ಇನ್ನೊಂದು ಪ್ರಯೋಜನವೂ ತಾನಾಗಿ ಸಿದ್ಧಿಸುತ್ತದೆ: ಜಗಳ ಹುಟ್ಟಿದ ನೆಲಕ್ಕೆ ಅತ್ಯಂತ ಸಮೀಪವಾದ, ಸಾಕ್ಷಿಯು ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಮನೆ ಸೇರಬಹುದಾದ, ನ್ಯಾಯಾಧೀಶರು ಮನಸ್ಸು ಮಾಡಿದರೆ ತಾವೇ ಹೋಗಿ ಬದುವನ್ನೂ ಬಾವಿಯನ್ನೂ ಕಣ್ಣಾರೆ ಕಂಡು ಬರಬಹುದಾದ ಸ್ಥಳದಲ್ಲಿ ಆ ಜಗಳದ ಮೊದಲ ವಿಚಾರಣೆ ನಡೆಯುತ್ತದೆ. ನೆಲದಿಂದ ದೂರ ಸರಿದಂತೆ ವಿವಾದವು ಕಾಗದದ ಮೇಲಿನ ವಿವಾದವಾಗುತ್ತ ಹೋಗುವುದೆಂಬುದನ್ನು ವ್ಯಾಜ್ಯದ ಅನುಭವವುಳ್ಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಹೀಗಿದ್ದರೂ ಕೆಳಗಿನಿಂದ ಮೇಲಕ್ಕೆ ದಾವೆಯನ್ನು ಎತ್ತಿಕೊಳ್ಳುವ ಅಧಿಕಾರವನ್ನು ಅದೇ ಸಂಹಿತೆಯು 24ನೆಯ ಕಲಮಿನಲ್ಲಿ ಹೈಕೋರ್ಟಿಗೂ ಜಿಲ್ಲಾ ನ್ಯಾಯಾಲಯಕ್ಕೂ ಕೊಟ್ಟಿದೆ. ಅದೂ ಎಂತಹ ವಿಶಾಲವಾದ ಅಧಿಕಾರ! ಕಕ್ಷಿಗಾರನು ಅರ್ಜಿ ಕೊಟ್ಟರೂ ಸರಿ, ಯಾರೂ ಕೇಳದೆ ನ್ಯಾಯಾಲಯಕ್ಕೆ ತಾನಾಗಿ ತೋರಿದರೂ ಸರಿ; ದಾವೆಯು ಯಾವ ಹಂತದಲ್ಲಿದ್ದರೂ ಸರಿ; ಅದನ್ನು ಹಿಂತೆಗೆದುಕೊಂಡು ತಾನೇ ವಿಚಾರಿಸಬಹುದು, ಅಧೀನವಾದ ಬೇರೊಂದು ನ್ಯಾಯಾಲಯಕ್ಕೆ ಒಪ್ಪಿಸಬಹುದು, ಬೇಡವೆನಿಸಿದರೆ ಬಂದಲ್ಲಿಗೇ ಮರಳಿ ಕಳುಹಿಸಬಹುದು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ದಾವೆಯನ್ನು ಕಳುಹಿಸುವ ಅಧಿಕಾರ 25ನೆಯ ಕಲಮಿನಂತೆ ಸರ್ವೋಚ್ಚ ನ್ಯಾಯಾಲಯದ್ದು. ಸಂವಿಧಾನದ ಅರ್ಥವಿವರಣೆಯ ಮಹತ್ವದ ಪ್ರಶ್ನೆ ಅಡಗಿರುವ ಮೊಕದ್ದಮೆಯನ್ನು ಹೈಕೋರ್ಟು 228ನೆಯ ಅನುಚ್ಛೇದದ ಮೇರೆಗೆ ತನ್ನ ಬಳಿಗೆ ತರಿಸಿಕೊಳ್ಳಬೇಕಾಗುತ್ತದೆ. ಇವುಗಳ ಪೈಕಿ ಜನಸಾಮಾನ್ಯರ ಬದುಕನ್ನು ದಿನನಿತ್ಯ ಮುಟ್ಟತಕ್ಕದ್ದು 24ನೆಯ ಕಲಮು. ನನ್ನ ಮಾತೆಲ್ಲ ಬಹುಮಟ್ಟಿಗೆ ಅದರ ಮೇಲೆಯೇ.

ಈ ಅಧಿಕಾರವು ನಿಜವಾಗಿ ಶೋಭಿಸುವ ಸಂದರ್ಭವೊಂದನ್ನು ಮೊದಲು ಹೇಳಿಬಿಡುವುದು ನ್ಯಾಯ. ತಂದೆ ತೀರಿದ ಮೇಲೆ ಅಣ್ಣನು ಜಮೀನನ್ನು ಉಳುತ್ತಿರುತ್ತಾನೆ. ಪಹಣಿಯಲ್ಲಿ ಅವನ ಹೆಸರು ಕೂತಿರುತ್ತದೆ. ತಮ್ಮನು ಬೇಲಿ ಕಿತ್ತನೆಂದು ಅವನು ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಮುಂದೆ, ಎಂದರೆ ಹಳಬರು ಇಂದಿಗೂ ಮುನ್ಸೀಫ್ ಕೋರ್ಟೆಂದೇ ಕರೆಯುವ ಕಡೆಯಲ್ಲಿ, ಶಾಶ್ವತ ಪ್ರತಿಬಂಧಕಾಜ್ಞೆಗಾಗಿ ದಾವೆ ಹೂಡುತ್ತಾನೆ. ತಮ್ಮನು ಸುಮ್ಮನಿರುವನೇ? ಅವನೂ ಗಂಡನ ಮನೆಯಲ್ಲಿರುವ ತಂಗಿಯೂ ಕೂಡಿ, ಅದೇ ಸರ್ವೆ ನಂಬರಿಗೆ ಊರೊಳಗಿನ ಮನೆಯನ್ನೂ ಹಿತ್ತಿಲನ್ನೂ ಸೇರಿಸಿ, ಹಿರಿಯ ಶ್ರೇಣಿಯ ನ್ಯಾಯಾಧೀಶರ ಮುಂದೆ ಪಾಲಿನ ದಾವೆ ಹಾಕುತ್ತಾರೆ. ಅಲ್ಲಿಂದ ಮುಂದೆ ಒಂದೇ ಆವರಣದ ಎರಡು ಕೊಠಡಿಗಳಲ್ಲಿ ಒಂದೇ ಕುಟುಂಬದ ಕಥೆ ಎರಡು ಬಗೆಯಾಗಿ ನಡೆಯುತ್ತದೆ. ಇಲ್ಲಿ ನಿಶಾನೆ ಪಿ. 1 ಆಗಿರುವ ಪಹಣಿಯ ನಕಲೇ ಅಲ್ಲಿ ನಿಶಾನೆ ಡಿ. 4 ಆಗಿರುತ್ತದೆ, ಅದೇ ವಂಶವೃಕ್ಷಕ್ಕೆ ಎರಡು ಸಲ ದೃಢೀಕೃತ ನಕಲಿನ ಶುಲ್ಕ ತೆರಲಾಗಿರುತ್ತದೆ. ಇಲ್ಲಿಯ ಪಾಟೀಸವಾಲಿನಲ್ಲಿ ಜಮೀನು ಪಿತ್ರಾರ್ಜಿತವೆಂದು ಒಪ್ಪಿಕೊಂಡ ಅಣ್ಣನು ಅಲ್ಲಿಯ ಪ್ರಮಾಣಪತ್ರದಲ್ಲಿ ಅದು ತನ್ನ ಸ್ವಯಾರ್ಜಿತವೆಂದು ನಿರ್ಭಯವಾಗಿ ಬರೆಯುತ್ತಾನೆ. ಒಬ್ಬ ನ್ಯಾಯಾಧೀಶರು ಅಣ್ಣನ ಅನುಭವವನ್ನು ಎತ್ತಿಹಿಡಿದು ಡಿಕ್ರಿ ಕೊಟ್ಟು, ಇನ್ನೊಬ್ಬರು ಮೂವರಿಗೂ ಸಮಪಾಲೆಂದು ಡಿಕ್ರಿ ಕೊಟ್ಟರೆ, ಆ ಎರಡು ಡಿಕ್ರಿಗಳನ್ನು ಹಿಡಿದ ಅಮೀನನು ಯಾವುದನ್ನು ಜಾರಿ ಮಾಡಬೇಕು? ಇಂಥಲ್ಲಿ ಜಿಲ್ಲಾ ನ್ಯಾಯಾಧೀಶರು ಪ್ರತಿಬಂಧಕಾಜ್ಞೆಯ ದಾವೆಯನ್ನು ಕೆಳಗಿನಿಂದ ಎತ್ತಿ ಹಿರಿಯ ಶ್ರೇಣಿಯ ನ್ಯಾಯಾಲಯಕ್ಕೆ ಒಪ್ಪಿಸಿ, ಎರಡನ್ನೂ ಒಟ್ಟಿಗೆ ವಿಚಾರಿಸುವಂತೆ ಮಾಡಿದರೆ ಸಾಕ್ಷ್ಯ ಒಂದಾಗುತ್ತದೆ, ತೀರ್ಪು ಒಂದಾಗುತ್ತದೆ, ಸುಳ್ಳಿಗೆ ನಿಲ್ಲಲು ಜಾಗ ಕಡಮೆಯಾಗುತ್ತದೆ. ದಾವೆ ಏರಿದುದು ಒಂದು ದರ್ಜೆ; ಸಾಕ್ಷಿಯು ಹೆಚ್ಚಾಗಿ ನಡೆಯಬೇಕಾದುದು ಒಂದು ಜಗಲಿಯಷ್ಟು ಮಾತ್ರ.

ಇದಕ್ಕೆ ಸಮೀಪದಲ್ಲಿಯೇ ಇದ್ದು ಬೇರೆಯದೇ ಆದ ಇನ್ನೊಂದು ಮಾರ್ಗವುಂಟು. ಅದನ್ನು ಇದರೊಡನೆ ಬೆರೆಸಿ ಮೋಸಹೋಗುವವರುಂಟು. ಆಸ್ತಿಯ ಮೌಲ್ಯ ಕೆಳಗಿನ ನ್ಯಾಯಾಲಯದ ಮಿತಿಯನ್ನು ಮೀರಿದೆಯೆಂದು ಕಂಡುಬಂದಾಗ ಆ ನ್ಯಾಯಾಲಯವು ಸಂಹಿತೆಯ 7ನೆಯ ಆದೇಶದ 10ನೆಯ ನಿಯಮದಂತೆ ವಾದಪತ್ರವನ್ನು ವಾದಿಯ ಕೈಗೆ ಹಿಂದಿರುಗಿಸುತ್ತದೆ. ಅವನು ಅದನ್ನು ಮೇಲಿನ ನ್ಯಾಯಾಲಯಕ್ಕೆ ಒಯ್ದು ಸಲ್ಲಿಸಬೇಕು. ಹಾಗೆ ಸಲ್ಲಿಸಿದ ದಾವೆ ಮೊದಲಿನಿಂದ ನಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರಲ್ಲಿ ನಿರ್ಣಯಿಸಿತು. ವರ್ಗಾವಣೆಯಲ್ಲಿ ಹೀಗಿಲ್ಲ, ದಾವೆಯನ್ನು ಪಡೆದ ನ್ಯಾಯಾಲಯವು ಮರುವಿಚಾರಣೆ ಮಾಡಬಹುದು, ಇಲ್ಲವೆ ಬಿಟ್ಟ ಹಂತದಿಂದಲೇ ಮುಂದುವರಿಯಬಹುದು. ಐದು ಜನ ಮುದಿ ಸಾಕ್ಷಿಗಳ ಹೇಳಿಕೆ ಮುಗಿದು, ಅವರಲ್ಲಿ ಇಬ್ಬರು ಕಾಲವಾಗಿಯೂ ಹೋಗಿರುವ ದಾವೆಯಲ್ಲಿ ಈ ಭೇದ ಎಷ್ಟು ದೊಡ್ಡದೆಂದು ಆ ವಾದಿಯನ್ನು ಕೇಳಿ ತಿಳಿಯಬೇಕು.

ಇನ್ನು ನನ್ನ ಆಕ್ಷೇಪಣೆಗೆ ಬರುತ್ತೇನೆ. ದಾವೆಯು ತನ್ನ ಜೊತೆಗಾರ ದಾವೆಯನ್ನು ಸೇರಲೆಂದು ಮೇಲೇರುವುದು ಒಂದು. ತನ್ನ ಗೌರವಕ್ಕೆ ತಕ್ಕ ಪೀಠವನ್ನು ಹುಡುಕಿಕೊಂಡು ಮೇಲೇರುವುದು ಇನ್ನೊಂದು. ಎರಡನೆಯದರಲ್ಲಿ ಕಕ್ಷಿಗಾರನು ಪಡೆಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಳೆದುಕೊಳ್ಳುವುದು ಯಾರ ಗಮನಕ್ಕೂ ಬಾರದು. ನಮ್ಮ ವ್ಯವಸ್ಥೆಯಲ್ಲಿ ಮೊದಲ ಮೇಲ್ಮನವಿಯೆಂಬುದು ಬಹು ಬೆಲೆಯುಳ್ಳ ಹಕ್ಕು. 96ನೆಯ ಕಲಮಿನಂತೆ ಸಲ್ಲುವ ಆ ಮೇಲ್ಮನವಿಯಲ್ಲಿ ವಾಸ್ತವಾಂಶಗಳನ್ನೂ ಕಾನೂನನ್ನೂ ಎರಡನ್ನೂ ಪುನಃ ತೂಗಿ ನೋಡಲು ಅವಕಾಶವಿದೆ; 1976ರ ತಿದ್ದುಪಡಿಯ ಅನಂತರ ಎರಡನೆಯ ಮೇಲ್ಮನವಿಯು ಮಹತ್ವದ ಕಾನೂನಿನ ಪ್ರಶ್ನೆಗೆ ಮಾತ್ರ ಸೀಮಿತವಾಗಿದೆ. ದಾವೆಯನ್ನು ಒಂದೊಂದು ಮೆಟ್ಟಿಲು ಮೇಲಕ್ಕೆ ಎತ್ತಿದಂತೆಲ್ಲ ಅದರ ಮೇಲೆ ಉಳಿಯುವ ಮೆಟ್ಟಿಲುಗಳು ಒಂದೊಂದಾಗಿ ಕಡಮೆಯಾಗುತ್ತವೆಂಬ ಈ ಸರಳವಾದ ಲೆಕ್ಕವನ್ನು ವರ್ಗಾವಣೆಯ ಅರ್ಜಿಗಳ ವಾದದಲ್ಲಿ ಎತ್ತುವವರು ವಿರಳ. ಎತ್ತಿದರೂ, ದೊಡ್ಡವರ ಮುಂದೆಯೇ ನ್ಯಾಯ ಸಿಕ್ಕುವಾಗ ಮೇಲ್ಮನವಿ ಏತಕ್ಕೆಂಬ ಉತ್ತರ ಸಿದ್ಧವಾಗಿರುತ್ತದೆ.

ಸಿದ್ಧವಾದ ಆ ಉತ್ತರವನ್ನು ಸರ್ವೋಚ್ಚ ನ್ಯಾಯಾಲಯವೇ ಒಮ್ಮೆ ತಿರಸ್ಕರಿಸಿದೆ. ಅದು ಸಿವಿಲ್ ದಾವೆಯಲ್ಲ, ಕ್ರಿಮಿನಲ್ ಮೊಕದ್ದಮೆ. ಆದರೂ ತತ್ತ್ವವು ಇಲ್ಲಿಗೂ ಸಲ್ಲುತ್ತದೆ. ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ ಎ. ಆರ್. ಅಂತುಳೆಯವರ ಮೇಲಿನ ಮೊಕದ್ದಮೆಯನ್ನು ಶೀಘ್ರವಾಗಿ ಮುಗಿಸಬೇಕೆಂಬ ಸದುದ್ದೇಶದಿಂದ 1984ರಲ್ಲಿ ಆ ನ್ಯಾಯಾಲಯವು ಅದನ್ನು ವಿಶೇಷ ನ್ಯಾಯಾಧೀಶರಿಂದ ತೆಗೆದು ಮುಂಬಯಿ ಹೈಕೋರ್ಟಿಗೆ ಒಪ್ಪಿಸಿತು. 1988ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವು ಬಹುಮತದಿಂದ ಆ ಆದೇಶವನ್ನೇ ರದ್ದುಮಾಡಿತು. ವಿಶೇಷ ನ್ಯಾಯಾಧೀಶರಿಗೇ ಮೀಸಲಾದ ವಿಚಾರಣೆಯನ್ನು ಬೇರೆಡೆಗೆ ಒಯ್ದುದು ತಪ್ಪೆಂದೂ, ಹೈಕೋರ್ಟಿಗೆ ಮೇಲ್ಮನವಿ ಹೋಗುವ ಹಕ್ಕು ಆರೋಪಿಯಿಂದ ಅಪಹೃತವಾಯಿತೆಂದೂ ಹೇಳಿತು. ದೇಶದ ಅತ್ಯುಚ್ಚ ನ್ಯಾಯಾಲಯವು ತನ್ನ ಕೈತಪ್ಪನ್ನು ತಾನೇ ಹೀಗೆ ತಿದ್ದಿಕೊಂಡುದು ನಮ್ಮ ನ್ಯಾಯಚರಿತ್ರೆಯಲ್ಲಿ ಅಪರೂಪ.

ಸಿವಿಲ್ ದಾವೆಗಳ ಪೈಕಿ ಊರ್ಧ್ವಗಮನದ ಅತ್ಯಂತ ಪ್ರಸಿದ್ಧವಾದ ನಿದರ್ಶನ ಅಯೋಧ್ಯೆಯದು. ಆ ವಿವಾದದ ಧಾರ್ಮಿಕ ಮುಖವನ್ನಾಗಲಿ ರಾಜಕೀಯ ಮುಖವನ್ನಾಗಲಿ ನಾನಿಲ್ಲಿ ಮುಟ್ಟುವುದಿಲ್ಲ; ದಾವೆಯಾಗಿ ಅದು ನಡೆದ ದಾರಿಯನ್ನಷ್ಟೇ ನೋಡುತ್ತೇನೆ. 1950ರ ಜನವರಿಯಲ್ಲಿ ಫೈಜಾಬಾದಿನ ಸಿವಿಲ್ ನ್ಯಾಯಾಧೀಶರ ಮುಂದೆ ಮೊದಲ ದಾವೆ ಬಂದಿತು; 1959ರಲ್ಲಿ ನಿರ್ಮೋಹಿ ಅಖಾಡಾದ ದಾವೆ, 1961ರಲ್ಲಿ ಸುನ್ನಿ ವಕ್ಫ್ ಮಂಡಳಿಯ ದಾವೆ, 1989ರ ಜುಲೈಯಲ್ಲಿ ದೇವರ ಹೆಸರಿನ ದಾವೆ. ಅದೇ ತಿಂಗಳಿನ 10ರಂದು ಇವೆಲ್ಲವೂ ಅಲಹಾಬಾದ್ ಹೈಕೋರ್ಟಿಗೆ ವರ್ಗವಾದುವು. ಲಖನೌ ಪೀಠದಲ್ಲಿ ಮೂವರು ನ್ಯಾಯಮೂರ್ತಿಗಳು ವಿಚಾರಣಾ ನ್ಯಾಯಾಲಯದ ಕೆಲಸಕ್ಕೆ ಕುಳಿತರು. ಅಲ್ಲಿಯವರೆಗೆ ಮೂವತ್ತೊಂಬತ್ತು ವರ್ಷ ಫೈಜಾಬಾದಿನಲ್ಲಿ ದಾವೆ ತೀರ್ಮಾನವಾಗದೆ ಬಿದ್ದಿತ್ತೆಂಬುದು ಕೆಳಗಿನ ನ್ಯಾಯಾಲಯದ ಪಕ್ಷಪಾತಿಯಾದ ನಾನು ಮರೆಮಾಚಲಾಗದ ಸಂಗತಿ. ಆದರೆ ಮೇಲೇರಿದ ಮೇಲಾದರೂ ವೇಗ ಬಂದಿತೇ? ಬಾಯಿಸಾಕ್ಷ್ಯದ ದಾಖಲೆ ಆರಂಭವಾದುದೇ 1996ರಲ್ಲಿ. ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ಮಾಡಿದುದು 2003ರಲ್ಲಿ. ತೀರ್ಪು ಬಂದುದು 2010ರ ಸೆಪ್ಟೆಂಬರ್ 30ರಂದು. ವರ್ಗಾವಣೆಯಿಂದ ತೀರ್ಪಿನವರೆಗೆ ಇಪ್ಪತ್ತೊಂದು ವರ್ಷ. ರಿಟ್ ಅರ್ಜಿಗಳಿಗೂ ಮೇಲ್ಮನವಿಗಳಿಗೂ ಹೊಂದಿಕೊಂಡ ಸಂಸ್ಥೆಯು, ಒಬ್ಬೊಬ್ಬ ಸಾಕ್ಷಿಯನ್ನೂ ಕಟಕಟೆಗೆ ಕರೆದು ವಾರಗಟ್ಟಲೆ ಪಾಟೀಸವಾಲು ಕೇಳಿಸಿಕೊಳ್ಳುವ ಕೆಲಸಕ್ಕೆ ಇಳಿದಾಗ ಆಗಬಹುದಾದುದೇ ಆಯಿತು.

ಇದಕ್ಕಿಂತಲೂ ಗಮನಾರ್ಹವಾದುದು ಮುಂದಿನ ಅಧ್ಯಾಯ. ವಿವಾದಿತ ಜಾಗವನ್ನು ಮೂರು ಪಾಲು ಮಾಡಿ ಹೈಕೋರ್ಟು ಕೊಟ್ಟ ಬಹುಮತದ ತೀರ್ಪನ್ನು 2019ರ ನವೆಂಬರ್ 9ರಂದು ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕುತ್ತ, ಹೈಕೋರ್ಟಿನ ಮುಂದಿದ್ದುವು ಪಾಲಿನ ದಾವೆಗಳೇ ಅಲ್ಲವೆಂದು ಹೇಳಿತು. ಕಕ್ಷಿಗಳು ಬೇಡದ ಪರಿಹಾರವನ್ನು ವಿಚಾರಣಾ ನ್ಯಾಯಾಲಯವೊಂದು ಕೊಟ್ಟುದಾದರೆ ಅದನ್ನು ತಿದ್ದುವುದು ಸಾಮಾನ್ಯವಾಗಿ ಮೊದಲ ಮೇಲ್ಮನವಿಯ ನ್ಯಾಯಾಲಯದ ಕರ್ತವ್ಯ. ಇಲ್ಲಿ ಆ ನ್ಯಾಯಾಲಯವೇ ಇರಲಿಲ್ಲ; ಮೊದಲನೆಯದೂ ಕೊನೆಯದೂ ಒಂದೇ ಆಗಿತ್ತು. ಐವರು ನ್ಯಾಯಮೂರ್ತಿಗಳು ನಲವತ್ತು ದಿನ ಕುಳಿತು ಸಾಕ್ಷ್ಯದ ರಾಶಿಯನ್ನೆಲ್ಲ ಮೊದಲಿನಿಂದ ಓದಿ ನಿರ್ಣಯಿಸಬೇಕಾಯಿತು. ಆ ನಿರ್ಣಯದಲ್ಲಿ ಯಾರಿಗಾದರೂ ದೋಷ ಕಂಡರೆ ಹೇಳಿಕೊಳ್ಳಲು ಪುನರ್ವಿಮರ್ಶೆಯ ಇಕ್ಕಟ್ಟಾದ ಬಾಗಿಲೊಂದನ್ನು ಬಿಟ್ಟು ಹೆಚ್ಚೇನೂ ಉಳಿದಿರಲಿಲ್ಲ.

ಇಷ್ಟು ತೀಕ್ಷ್ಣವಲ್ಲದ ಮಾರ್ಗವೂ ಇದೆಯೆಂಬುದಕ್ಕೆ ವಾರಾಣಸಿಯ ಜ್ಞಾನವಾಪಿ ದಾವೆ ಸಾಕ್ಷಿ. 2022ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ಆ ದಾವೆಯನ್ನು ಹಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರಿಂದ ಅದೇ ಊರಿನ ಜಿಲ್ಲಾ ನ್ಯಾಯಾಧೀಶರಿಗೆ ಒಪ್ಪಿಸಿತು. ಕೆಳಗಿನವರ ಮೇಲೆ ಅಪನಂಬಿಕೆಯಿಲ್ಲವೆಂದೂ, ವಿಷಯದ ಸೂಕ್ಷ್ಮತೆಯಿಂದಾಗಿ ಹೆಚ್ಚು ಅನುಭವಿಗಳಾದವರು ನೋಡಲೆಂದೂ ಕಾರಣ ಹೇಳಿತು. ಅನುಭವ ಹೆಚ್ಚಾಯಿತು, ಊರು ಬದಲಾಗಲಿಲ್ಲ, ಮೇಲಿನ ಮೆಟ್ಟಿಲುಗಳೂ ಬಹುಮಟ್ಟಿಗೆ ಉಳಿದುವು. ಮರುವರ್ಷ, 2023ರ ಮೇ 26ರಂದು, ಮಥುರೆಯ ಇಂಥದೇ ಧಾರ್ಮಿಕ ಸ್ಥಳದ ದಾವೆಗಳ ವಿಷಯದಲ್ಲಿ ಅಲಹಾಬಾದ್ ಹೈಕೋರ್ಟು ಮತ್ತೆ ಅಯೋಧ್ಯೆಯ ಹಾದಿಯನ್ನೇ ಹಿಡಿದು ಅವನ್ನು ತನ್ನ ಬಳಿಗೆ ಕರೆಸಿಕೊಂಡಿತು. ಈ ಎರಡು ಮಾದರಿಗಳಲ್ಲಿ ಯಾವುದು ಮೇಲೆಂದು ನನ್ನನ್ನು ಕೇಳಿದರೆ ವಾರಾಣಸಿಯದೆಂದು ಸಂಕೋಚವಿಲ್ಲದೆ ಹೇಳುವೆನು.

ಸಾಕ್ಷಿಯನ್ನು ಕಣ್ಣೆದುರಿಗೆ ನಿಲ್ಲಿಸಿಕೊಂಡು ಕೇಳುವುದು ಒಂದು ಕಲೆ; ಅದು ಅಭ್ಯಾಸದಿಂದ ಬರತಕ್ಕದ್ದೇ ಹೊರತು ಪದವಿಯ ಎತ್ತರದಿಂದ ಬರತಕ್ಕದ್ದಲ್ಲ. ಸಂಹಿತೆಯ 18ನೆಯ ಆದೇಶದ 12ನೆಯ ನಿಯಮವು ಸಾಕ್ಷಿಯ ಮುಖಚರ್ಯೆಯನ್ನು ಕುರಿತು ತನಗೆ ಮುಖ್ಯವೆಂದು ತೋರಿದುದನ್ನು ಬರೆದಿಡಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ‘ಈ ಪ್ರಶ್ನೆಗೆ ಸಾಕ್ಷಿಯು ಬಹಳ ಹೊತ್ತು ಸುಮ್ಮನಿದ್ದು, ತನ್ನ ಅಣ್ಣನ ಕಡೆ ನೋಡಿ ಉತ್ತರಿಸಿದನು’ ಎಂಬ ಅರ್ಥದ ಒಂದು ಸಾಲು, ಹತ್ತು ಪುಟಗಳ ಲಿಖಿತ ವಾದಕ್ಕಿಂತ ಹೆಚ್ಚು ಬೆಳಕು ಚೆಲ್ಲಬಲ್ಲದು. 2002ರಿಂದೀಚೆಗೆ ಮುಖ್ಯ ವಿಚಾರಣೆಯು ಪ್ರಮಾಣಪತ್ರದ ರೂಪದಲ್ಲಿಯೇ ಬರುತ್ತಿರುವುದರಿಂದ, ಮನುಷ್ಯನನ್ನು ಮನುಷ್ಯನಾಗಿ ಕಾಣುವ ಅವಕಾಶ ಉಳಿದಿರುವುದು ಪಾಟೀಸವಾಲಿನ ಹೊತ್ತಿನಲ್ಲಿ ಮಾತ್ರ. ಅಂಥ ಸಾಕ್ಷ್ಯ ಅರ್ಧಕ್ಕೆ ಬಂದಿರುವಾಗ ಕಡತವನ್ನು ಮೇಲಕ್ಕೆ ಒಯ್ದರೆ ಹೇಳಿಕೆಯ ಅಕ್ಷರಗಳು ಹೋಗುತ್ತವೆ; ಕಂಡವರ ಕಣ್ಣು ಹಿಂದೆಯೇ ಉಳಿಯುತ್ತದೆ.

ವರ್ಗಾವಣೆಯ ಅರ್ಜಿಯನ್ನು ಕಾಲಹರಣಕ್ಕಾಗಿ ಉಪಯೋಗಿಸುವ ವಿದ್ಯೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮಧ್ಯಂತರ ಆಜ್ಞೆಯೊಂದು ತನಗೆ ವಿರುದ್ಧವಾದೊಡನೆ ನ್ಯಾಯಾಧೀಶರಲ್ಲಿ ವಿಶ್ವಾಸವಿಲ್ಲವೆಂದು ಅರ್ಜಿ ಹಾಕುವುದು, ಆ ಅರ್ಜಿ ಇತ್ಯರ್ಥವಾಗುವ ತನಕ ಕೆಳಗೆ ವಾಯಿದೆಯ ಮೇಲೆ ವಾಯಿದೆ ಕೇಳುವುದು, ಇವು ಯಾವ ಬಾರ್ ಅಸೋಸಿಯೇಷನ್ನಿಗೂ ಹೊಸತಲ್ಲ. ಕ್ಷುಲ್ಲಕವಾದ ಅರ್ಜಿಗೆ ದಂಡ ವಿಧಿಸುವ ಮಾತು 25ನೆಯ ಕಲಮಿನಲ್ಲಿದೆ. ಎದುರಾಳಿಗೆ ಪರಿಹಾರವಾಗಿ ಸರ್ವೋಚ್ಚ ನ್ಯಾಯಾಲಯವು ಕೊಡಿಸಬಹುದಾದ ಗರಿಷ್ಠ ಮೊತ್ತ ಎರಡು ಸಾವಿರ ರೂಪಾಯಿ. ದೆಹಲಿಗೆ ಹೋಗಿಬರುವ ರೈಲಿನ ಖರ್ಚಿಗೂ ವಸತಿಗೂ ಅದು ಸಾಲದು.

ಇಲ್ಲಿ ಒಂದು ಪ್ರತಿವಾದ ಏಳಬಹುದು. 1979ರ ಶಾಸನದ ಮೇರೆಗೆ ಸ್ಥಾಪಿತವಾದ ಬೆಂಗಳೂರು ನಗರ ಸಿವಿಲ್ ನ್ಯಾಯಾಲಯದಲ್ಲಿ ಜಿಲ್ಲಾ ನ್ಯಾಯಾಧೀಶರ ದರ್ಜೆಯವರೇ ಮೊದಲ ವಿಚಾರಣೆ ನಡೆಸುತ್ತಾರೆ. ಅಲ್ಲಿಯ ಡಿಕ್ರಿಯ ಮೇಲೆ ಮೇಲ್ಮನವಿ ನೆಟ್ಟಗೆ ಹೈಕೋರ್ಟಿಗೆ ಹೋಗುತ್ತದೆ. ಬೆಂಗಳೂರಿನವನಿಗೆ ಒಂದು ಮೆಟ್ಟಿಲು ಕಡಮೆಯಾದುದರಿಂದ ನಷ್ಟವೇನಾಯಿತು? ಪ್ರಶ್ನೆ ನ್ಯಾಯವಾದುದೇ. ಆದರೆ ಅಲ್ಲಿ ಆ ನಿಯಮವು ನಗರದ ಎಲ್ಲ ದಾವೆಗಳಿಗೂ ಸಮಾನವಾಗಿದೆ. ದಾವೆ ಹೂಡುವವನಿಗೆ ತನ್ನ ದಾರಿ ಎಷ್ಟು ಉದ್ದವೆಂಬುದು ಮೊದಲ ದಿನವೇ ಗೊತ್ತಿರುತ್ತದೆ. ಆ ನ್ಯಾಯಾಲಯವು ಹುಟ್ಟಿದುದೇ ಸಾಕ್ಷ್ಯ ಕೇಳುವುದಕ್ಕಾಗಿ. ಹೈಕೋರ್ಟು ಅದೇ ಊರಿನಲ್ಲಿದೆ. ಬೀದರಿನವನ ಸ್ಥಿತಿ ಬೇರೆ. ಮೇಲ್ಮನವಿಗಾಗಿ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರಬೇಕಾಗಿದ್ದ ಕಷ್ಟವನ್ನು ಉತ್ತರದ ಜಿಲ್ಲೆಗಳವರು ದಶಕಗಳ ಕಾಲ ಹೇಳಿಕೊಂಡ ಮೇಲೆ, 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಸಂಚಾರಿ ಪೀಠಗಳು ಬಂದು, 2013ರಲ್ಲಿ ಅವು ಕಾಯಂ ಆದುವು. ನ್ಯಾಯಾಲಯವನ್ನು ಜನರ ಹತ್ತಿರಕ್ಕೆ ತರಬೇಕೆಂದು ಒಂದು ಕೈಯಿಂದ ಇಷ್ಟು ಶ್ರಮಪಟ್ಟು, ಇನ್ನೊಂದು ಕೈಯಿಂದ ದಾವೆಯನ್ನು ದೂರಕ್ಕೆ ಒಯ್ಯುವುದರಲ್ಲಿ ಹೊಂದಿಕೆಯಿಲ್ಲ.

ಹಾಗಾದರೆ ಮಾಡತಕ್ಕದ್ದೇನು? 1865ರ ಲೆಟರ್ಸ್ ಪೇಟೆಂಟಿನ 13ನೆಯ ಖಂಡವು ಮದರಾಸು ಮೊದಲಾದ ಹೈಕೋರ್ಟುಗಳಿಗೆ ಇಂಥದೇ ಅಧಿಕಾರವನ್ನು ಕೊಡುವಾಗ ಒಂದು ಎಚ್ಚರಿಕೆಯನ್ನು ಸೇರಿಸಿತ್ತು: ಕೆಳಗಿನಿಂದ ದಾವೆಯನ್ನು ಎತ್ತಿಕೊಳ್ಳಬೇಕಾದರೆ ಉಭಯಪಕ್ಷಗಳ ಒಪ್ಪಿಗೆಯಿರಬೇಕು, ಇಲ್ಲವೆ ನ್ಯಾಯದ ಪ್ರಯೋಜನವಿರಬೇಕು, ಮತ್ತು ಕಾರಣಗಳನ್ನು ಕಡತದಲ್ಲಿ ಬರೆದಿಡಬೇಕು. 1884ರ ಮೈಸೂರು ಚೀಫ್ ಕೋರ್ಟಿನ ವಂಶಕ್ಕೆ ಸೇರಿದ ನಮ್ಮ ಹೈಕೋರ್ಟಿಗೆ ಆ ಪೇಟೆಂಟ್ ಅನ್ವಯಿಸದು. 24ನೆಯ ಕಲಮಿನ ಪಾಠದಲ್ಲಿ ಕಾರಣ ಬರೆಯಬೇಕೆಂಬ ಮಾತೂ ಇಲ್ಲ. ಅನುಕೂಲ, ಸಾಕ್ಷಿಗಳ ಸೌಕರ್ಯ, ಸಕಾರಣವಾದ ಭೀತಿ, ಕಾನೂನಿನ ಪ್ರಶ್ನೆಗಳ ಮಹತ್ವ ಮೊದಲಾದುವನ್ನು ತೂಗಬೇಕೆಂದು 2008ರ ಕುಲ್ವಿಂದರ್ ಕೌರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದೆಯಾದರೂ, ತೂಕದ ತಟ್ಟೆಯಲ್ಲಿ ನಷ್ಟವಾಗುವ ಮೇಲ್ಮನವಿಗೂ ಒಂದು ಸ್ಥಾನ ಕೊಡಬೇಕೆಂಬುದು ನನ್ನ ಪ್ರಾರ್ಥನೆ. ದಾವೆಯನ್ನು ಮೇಲಕ್ಕೆ ಎತ್ತುವ ಪ್ರತಿ ಆದೇಶವೂ, ಇದರಿಂದ ಕಕ್ಷಿಗಳಿಗೆ ಯಾವ ಮೆಟ್ಟಿಲು ತಪ್ಪುವುದು, ವಿಚಾರಣೆ ಯಾವ ಹಂತದಿಂದ ಮುಂದುವರಿಯತಕ್ಕದ್ದು, ಸಾಕ್ಷ್ಯವನ್ನು ಎಲ್ಲಿ ತೆಗೆದುಕೊಳ್ಳತಕ್ಕದ್ದು ಎಂಬ ಮೂರನ್ನು ಬಾಯಿಬಿಟ್ಟು ಹೇಳಲಿ.

ಕಾನೂನಿನ ಕಠಿನ ಪ್ರಶ್ನೆಯೊಂದೇ ಅಡ್ಡಿಯಾಗಿರುವ ಕಡೆ ಇಡೀ ದಾವೆಯನ್ನು ಎತ್ತುವ ಅವಶ್ಯಕತೆಯೂ ಇಲ್ಲ. 228ನೆಯ ಅನುಚ್ಛೇದವೇ, ಸಂವಿಧಾನದ ಪ್ರಶ್ನೆಯನ್ನಷ್ಟು ನಿರ್ಣಯಿಸಿ ಮೊಕದ್ದಮೆಯನ್ನು ಕೆಳಕ್ಕೆ ಮರಳಿಸಲು ಹೈಕೋರ್ಟಿಗೆ ಅವಕಾಶ ಕೊಟ್ಟಿದೆ. ಸಂಹಿತೆಯ 113ನೆಯ ಕಲಮಂತೂ, ಪ್ರಶ್ನೆಯನ್ನು ಮಾತ್ರ ಹೈಕೋರ್ಟಿಗೆ ಬರೆದು ಕೇಳುವ ಅಧಿಕಾರವನ್ನು ಕೆಳಗಿನ ನ್ಯಾಯಾಧೀಶರಿಗೇ ಕೊಡುತ್ತದೆ. ಉತ್ತರ ಬರುವ ತನಕ ಅವರು ವಿಚಾರಣೆಯನ್ನು ನಿಲ್ಲಿಸಬೇಕೆಂದೂ ಇಲ್ಲ, ಆ ಉತ್ತರಕ್ಕೆ ಒಳಪಟ್ಟು ಡಿಕ್ರಿಯನ್ನೇ ಕೊಡಬಹುದೆಂದು 46ನೆಯ ಆದೇಶದ 2ನೆಯ ನಿಯಮವು ಹೇಳುತ್ತದೆ. ತೊಡಕಿರುವುದು ಅದರ ಹಿಂದಿನ ನಿಯಮದಲ್ಲಿ: ಶಾಸನವೊಂದರ ಸಿಂಧುತ್ವದ ಪ್ರಶ್ನೆಯನ್ನು ಬಿಟ್ಟರೆ, ಮೇಲ್ಮನವಿಯಿಲ್ಲದ ದಾವೆಗಳಲ್ಲಿ ಮಾತ್ರ ಹೀಗೆ ಕೇಳಬಹುದೆಂದು ಅದು ಕಟ್ಟುಹಾಕಿದೆ. ಈ ನಿಯಮವು ಸಂಹಿತೆಯ ಮೊದಲನೆಯ ಅನುಸೂಚಿಗೆ ಸೇರಿದುದು. ಆ ಅನುಸೂಚಿಯ ನಿಯಮಗಳನ್ನು ತಿದ್ದುವ ಅಧಿಕಾರ 122ನೆಯ ಕಲಮಿನಂತೆ ಆಯಾ ಹೈಕೋರ್ಟಿಗೇ ಇರುವುದರಿಂದ, ಮೇಲ್ಮನವಿಯುಳ್ಳ ದಾವೆಗಳಲ್ಲಿಯೂ ಹಿರಿಯ ಶ್ರೇಣಿಯ ನ್ಯಾಯಾಧೀಶರು ಹೀಗೆ ಪ್ರಶ್ನೆ ಕಳುಹಿಸಬಹುದೆಂಬ ಒಂದು ವಾಕ್ಯವನ್ನು ಸೇರಿಸಲು ಕರ್ನಾಟಕದ ಹೈಕೋರ್ಟು ಸಂಸತ್ತಿನ ದಾರಿ ಕಾಯಬೇಕಾದುದಿಲ್ಲ.